ಪೆದ್ರುವಿನ ಕೇಸ್ ಶೀಟ್

ಲಿಜ್ಜಿ ಪಾಯಸ್ ಸುಲಭಕ್ಕೆ ಹೆದರುವ ಹೆಂಗಸಲ್ಲ. ಇಪ್ಪತ್ತು ವರ್ಷ ಕುವೈತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ರಕ್ತಕ್ಕೂ ಹೆದರಲಿಲ್ಲ, ಮೇಟ್ರನ್‌ಗೂ ಹೆದರಲಿಲ್ಲ. ಆದರೆ ಹಾವು ಅಂದರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಅಂಥವಳ ಖೈತಾನ್ ಬಡಾವಣೆಯ ಫ್ಲ್ಯಾಟಿಗೆ ಗಂಡ ರೊನಾಲ್ಡ್ ಒಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಹಾವನ್ನೇ ಹೊತ್ತು ತಂದ.

ಅವನ ಆಫೀಸಿನ ಇಂಗ್ಲಿಷ್ ಎಂಜಿನಿಯರ್ ಒಬ್ಬ ಕುವೈತ್ ಬಿಟ್ಟು ಹೊರಟಿದ್ದ. ಸಾಕಿದ ಹಾವನ್ನು ಯಾರಿಗಾದರೂ ಕೊಟ್ಟು ಹೋಗಬೇಕಿತ್ತು. ಆಫೀಸಿನ ಪಿಕ್‌ನಿಕ್‌ನಲ್ಲಿ ಅದನ್ನೊಮ್ಮೆ ಕೈಯಲ್ಲಿ ಹಿಡಿದಿದ್ದ ಮಗಳು ಕ್ಲಾರಿಸ್ಸಾ, ಆಗ ಹದಿಮೂರು ವರ್ಷ, ತನಗೆ ಬೇಕೇ ಬೇಕು ಅಂದಳು. ಇಟ್ಟಿಗೆ ಬಣ್ಣದ, ವಿಷವಿಲ್ಲದ, ಎರಡೂವರೆ ಮೊಳದ ಹಾವು. ಒಮ್ಮೆ ತಿಂದರೆ ವಾರಪೂರ್ತಿ ಯಾರ ಗೊಡವೆಗೂ ಹೋಗದೆ ಬಿದ್ದುಕೊಳ್ಳುವುದನ್ನು ನೋಡಿ ರೊನಾಲ್ಡ್ ಅದಕ್ಕೆ ಬಜ್ಪೆಯ ತನ್ನ ದೊಡ್ಡಪ್ಪನ ಹೆಸರಿಟ್ಟ: ಪೆದ್ರು.

ಮೊದಲ ತಿಂಗಳು ಲಿಜ್ಜಿ ಆ ಪೆಟ್ಟಿಗೆಯಿಂದ ಎರಡು ಮಾರು ದೂರವೇ ನಡೆದಳು. ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕ ಪೆದ್ರುವಿಗೆಂದು ತಂದ ಸತ್ತ ಇಲಿಗಳ ಡಬ್ಬಿ ಬಂದು ಕುಳಿತಾಗ ಎರಡು ದಿನ ಮೀನು ಮುಟ್ಟಲಿಲ್ಲ. ಅಷ್ಟಾದರೂ ಮಗಳ ಮುಖ ನೋಡಿ ಬೇಡ ಅನ್ನಲು ಬಾಯಿ ಬರಲಿಲ್ಲ. ಹಾಗಾಗಿ ಅವಳು ಯಾರಿಗೂ ತಿಳಿಯದಂತೆ ಎರಡು ಕೆಲಸ ಮಾಡಿದಳು. ಒಂದು, ಈ ಪ್ರಾಣಿ ಮನೆಯಿಂದ ಹೋಗಲಿ ಎಂದು ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಹೇಳಿದಳು. ಎರಡು, ಊರಿನ ಧ್ಯಾನಕೂಟದಿಂದ ತಂದಿದ್ದ ಮಂತ್ರಿಸಿದ ಉಪ್ಪನ್ನು ಒಂದು ಚಿಟಿಕೆ ಕಾಗದದಲ್ಲಿ ಮಡಚಿ, ಮೇಲೆ ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಅಂಟಿಸಿ, ಕಣ್ಣು ಮುಚ್ಚಿಕೊಂಡು ಪೆಟ್ಟಿಗೆಯ ತಳಕ್ಕೆ ಹಾಸಿದ್ದ ನ್ಯೂಸ್‌ಪೇಪರ್ ಅಡಿಗೆ ತುರುಕಿದಳು. ಆ ರಾತ್ರಿಯಿಂದ ಅವಳಿಗೆ ನಿದ್ದೆ ಬರತೊಡಗಿತು.

ನೊವೇನಾ ಫಲಿಸಲಿಲ್ಲ. ಪೆದ್ರು ಹೋಗಲಿಲ್ಲ. ಹೋಗದೆ ಹೋಗದೆ, ಒಳ್ಳೆಯ ಬಾಡಿಗೆದಾರನ ಹಾಗೆ ಯಾರಿಗೂ ತೊಂದರೆ ಕೊಡದೆ ಇದ್ದುಬಿಟ್ಟ. ಆರು ತಿಂಗಳು ಕಳೆಯುವಷ್ಟರಲ್ಲಿ ಲಿಜ್ಜಿ ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚಿ, ಗಾಜಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತಿದ್ದಳು. ಇಡೀ ದಿನ "ಸಿಸ್ಟರ್, ಸಿಸ್ಟರ್" ಎಂಬ ಕೂಗು ಕೇಳಿ ಬಂದವಳಿಗೆ ಏನನ್ನೂ ಕೇಳದ ಆ ಜೀವದ ಎದುರು ಕೂತರೆ ಹಾಯೆನಿಸುತ್ತಿತ್ತು. ಉಪ್ಪಿನ ಸಂಗತಿ ಅವಳಿಗೆ ಮರೆತೇ ಹೋಗಿತ್ತು.

ಮಗಳು ಹಾವು ಸಾಕಿದ ಚೆಂದವನ್ನು ನೋಡಿಯೇ ಲಿಜ್ಜಿಯ ಹೆದರಿಕೆ ಅರ್ಧ ಇಳಿದದ್ದು. ನೋವು ಎಲ್ಲಿ ಅಂತ ಹೇಳಲಾಗದ ಪ್ರಾಣಿಯನ್ನು ನೋಡಿಕೊಳ್ಳುವುದು ಹೇಗೆ ಎಂದು ಕ್ಲಾರಿಸ್ಸಾ ಮೊದಲ ವಾರವೇ ಅಮ್ಮನನ್ನು ಕೇಳಿದ್ದಳು. ಮಾತಾಡಲಾಗದ ರೋಗಿ ಇದ್ದರೆ ಎಲ್ಲವನ್ನೂ ಬರೆದಿಡುತ್ತೇವೆ ಅಂದಿದ್ದಳು ಲಿಜ್ಜಿ, ಅದೂ ಎರಡು ಮಾರು ದೂರದಿಂದಲೇ. ಬರೆದದ್ದು ತಪ್ಪಾದರೆ ಗೀಚಿ ಅಳಿಸುವ ಹಾಗಿಲ್ಲ. ಒಂದೇ ಗೆರೆ ಎಳೆದು, ಅಡಿಯ ಅಕ್ಷರ ಓದಲು ಸಿಗುವಂತೆ ಬಿಟ್ಟು, ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಆ ಹುಡುಗಿ ಅದನ್ನು ಹಾಗೆಯೇ ಪಾಲಿಸಿದಳು. ಎಂದು ತಿಂದ, ಎಂದು ಪೊರೆ ಬಿಟ್ಟ, ಎಷ್ಟು ತೂಗಿದ, ಎಲ್ಲವೂ ಸ್ಕೂಲ್ ನೋಟ್‌ಬುಕ್ಕಿನಲ್ಲಿ. ಎರಡು ವರ್ಷಕ್ಕೆ ಎರಡು ಪುಸ್ತಕ ತುಂಬಿದವು. ತನ್ನ ವಾರ್ಡಿನ ಹೊಸ ಹುಡುಗಿಯರಲ್ಲಿ ಒಬ್ಬಳಾದರೂ ಹೀಗೆ ಬರೆದರೆ ತಾನು ರಿಟೈರ್ ಆಗಲು ಸಿದ್ಧ ಎಂದು ಲಿಜ್ಜಿ ಗಂಡನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಎರಡು ಸಾವಿರದ ಹತ್ತರ ನವೆಂಬರಿನ ಒಂದು ಬುಧವಾರ ಕ್ಲಾರಿಸ್ಸಾ ಸ್ಕೂಲಿನಿಂದ ಬಂದು ನೋಡಿದರೆ ಪೆದ್ರು ನೀರಿನ ಬಟ್ಟಲಿನ ಪಕ್ಕ ಅಂಗಾತ ಸತ್ತು ಬಿದ್ದಿದ್ದ. ಬೆಳಿಗ್ಗೆ ಸರಿಯಾಗಿಯೇ ಇದ್ದವನು. ಮೈಮೇಲೆ ಗಾಯವಿಲ್ಲ, ಊತವಿಲ್ಲ. ಇನ್ನೂ ಹತ್ತು ವರ್ಷ ಬದುಕಬಹುದಾಗಿದ್ದ ಜೀವ. ಅಪ್ಪನೂ ಮಗಳೂ ಪ್ರಾಣಿ ಡಾಕ್ಟರ ಹತ್ತಿರ ಒಯ್ದರು. ಈಜಿಪ್ಟಿನ ಆ ಡಾಕ್ಟರು ಅರ್ಧ ಗಂಟೆ ತಿರುಗಿಸಿ ಮುರುಗಿಸಿ ನೋಡಿ, ಹಾವುಗಳು ಕೆಲವೊಮ್ಮೆ ಹೀಗೆ ಹೋಗಿಬಿಡುತ್ತವೆ, ಕತ್ತರಿಸಿ ನೋಡಿದರೂ ಕಾರಣ ಸಿಗುತ್ತದೆ ಅನ್ನುವ ಖಾತ್ರಿಯಿಲ್ಲ ಅಂದರು. ಕತ್ತರಿಸುವುದು ಬೇಡ ಅಂದಳು ಕ್ಲಾರಿಸ್ಸಾ. ಶುಕ್ರವಾರ ರಜೆ, ಅಂದು ಜಹ್ರಾ ರಸ್ತೆಯಾಚೆ ಮರಳಿನಲ್ಲಿ ಹೂಳುವುದೆಂದಾಯಿತು. ಅಲ್ಲಿಯ ತನಕ ಪೆದ್ರು ಅವಳ ಹಳೆಯ ಟೀ ಶರ್ಟಿನಲ್ಲಿ ಸುತ್ತಿಕೊಂಡು, ಐಸ್‌ಕ್ರೀಮ್ ಡಬ್ಬಿಯಲ್ಲಿ, ಬಂಗುಡೆಯ ಪಕ್ಕದಲ್ಲಿಯೇ ಮಲಗಿದ.

ಅವರು ಡಾಕ್ಟರ ಹತ್ತಿರ ಹೋಗಿದ್ದಾಗ ಲಿಜ್ಜಿ ಪೆಟ್ಟಿಗೆ ತೊಳೆದಿಡೋಣವೆಂದು ಬಗ್ಗಿದಳು. ನ್ಯೂಸ್‌ಪೇಪರ್ ಎತ್ತುವಾಗ ಉಪ್ಪು ನೆನಪಾಯಿತು. ತಳವೆಲ್ಲ ತಡವಿದಳು. ಪೊಟ್ಟಣ ಇರಲಿಲ್ಲ.

ಅಂದಮೇಲೆ ಕಾಗದ ನೆನೆದು ಹರಿದಿರಬೇಕು. ಉಪ್ಪು ಪೆದ್ರುವಿನ ಹೊಟ್ಟೆಗೆ ಹೋಗಿರಬೇಕು. ಚಿಟಿಕೆ ಉಪ್ಪು ಎರಡು ವರ್ಷದ ಮೇಲೆ ಹಾವನ್ನು ಕೊಲ್ಲುತ್ತದೆಯೇ ಎಂದು ನರ್ಸ್ ಲಿಜ್ಜಿ ಕೇಳಿದಳು. ಹಾಗಾದರೆ ನಿನ್ನ ನೊವೇನಾ, ಎಂದು ಇನ್ನೊಬ್ಬ ಲಿಜ್ಜಿ ಕೇಳಿದಳು. ಹೋಗಲಿ ಅಂತ ಬೇಡಿದ್ದೆಯಲ್ಲ, ಈಗ ಹೋಯಿತಲ್ಲ.

ಕ್ಲಾರಿಸ್ಸಾ ಅಳಲಿಲ್ಲ. ಅತ್ತಿದ್ದರೆ ಲಿಜ್ಜಿಗೆ ಸುಲಭವಾಗುತ್ತಿತ್ತು. ಗುರುವಾರ ಸ್ಕೂಲಿಗೂ ಹೋಗದೆ ದಿನವಿಡೀ ಆ ಹುಡುಗಿ ಮೇಜಿನ ಮುಂದೆ ಕೂತು ನೋಟ್‌ಬುಕ್ಕಿನ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತನ್ನ ತಪ್ಪು ಹುಡುಕಿದಳು. ವಾರ್ಡಿನ ಹೊರಗೆ ಕೂತ ನೂರಾರು ಮಂದಿಯ ಮುಖದಲ್ಲಿ ಲಿಜ್ಜಿ ಇದನ್ನು ಕಂಡಿದ್ದಳು. ಒಂದು ಗಂಟೆ ಮೊದಲು ಕರೆತಂದಿದ್ದರೆ, ಆ ಮಾತ್ರೆ ಕೊಡದಿದ್ದರೆ. ನಿಮ್ಮ ತಪ್ಪಲ್ಲ ಎಂದು ಅವರಿಗೆಲ್ಲ ಹೇಳಿ ಬಂದವಳಿಗೆ ಸ್ವಂತ ಮಗಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ ಉಪ್ಪಿನ ಮಾತನ್ನೂ ಹೇಳಬೇಕು. ಹೇಳಿದರೆ ಮಗಳು ತನ್ನನ್ನು ಮತ್ತೆ ಮೊದಲಿನ ಹಾಗೆ ನೋಡುತ್ತಾಳೋ ಇಲ್ಲವೋ.

ಶುಕ್ರವಾರ ಚರ್ಚಿನ ಪೂಜೆ ಮುಗಿಸಿ ಬಂದ ಮೇಲೆ ರೊನಾಲ್ಡ್ ಕಾರು ತೆಗೆಯಲು ಕೆಳಗಿಳಿದ. ಕ್ಲಾರಿಸ್ಸಾ ಪೆನ್ನು ಹಿಡಿದು ಏನೋ ಬರೆದು ನೋಟ್‌ಬುಕ್ ಮುಚ್ಚಿದಳು. ಲಿಜ್ಜಿ ಇನ್ನು ತಡೆಯಲಾರದೆ ಅವಳ ಎದುರು ಕೂತು, ತಲೆ ತಗ್ಗಿಸಿ, ನೊವೇನಾದಿಂದ ಹಿಡಿದು ಪ್ಲಾಸ್ಟರಿನ ತನಕ ಎಲ್ಲವನ್ನೂ ಹೇಳಿಬಿಟ್ಟಳು.

ಕ್ಲಾರಿಸ್ಸಾ ಎದ್ದು ಹೋಗಿ ಹಳೆಯ ನೋಟ್‌ಬುಕ್ ತಂದಳು. ಪೆದ್ರು ಬಂದ ಎರಡನೆಯ ಶುಕ್ರವಾರದ ಪುಟ ತೆರೆದು ಅಮ್ಮನ ಮುಂದಿಟ್ಟಳು. ಹದಿಮೂರು ವರ್ಷದ ಗುಂಡು ಅಕ್ಷರದ ಇಂಗ್ಲಿಷಿನಲ್ಲಿ ಹೀಗಿತ್ತು: ಪೆಟ್ಟಿಗೆ ತೊಳೆದೆ. ಪೇಪರ್ ಅಡಿಯಲ್ಲಿ ಉಪ್ಪಿನ ಪೊಟ್ಟಣ. ಮಮ್ಮಿಯ ಪ್ಲಾಸ್ಟರ್. ತೆಗೆದೆ. ಹೇಳಬಾರದು, ಮಮ್ಮಿಗೆ ಈಗಷ್ಟೇ ನಿದ್ದೆ ಬರ್ತಾ ಉಂಟು.

ವಾರವಾರವೂ ಪೆಟ್ಟಿಗೆ ತೊಳೆಯುವವಳಿಗೆ ಪೊಟ್ಟಣ ಸಿಗುತ್ತದೆ ಎಂಬಷ್ಟು ಸಣ್ಣ ವಿಷಯ ಎರಡು ವರ್ಷದಿಂದ ತನ್ನ ತಲೆಗೆ ಹೊಳೆದಿರಲಿಲ್ಲ. ಲಿಜ್ಜಿ ಆ ಸಾಲನ್ನು ಮತ್ತೆ ಓದಿದಳು. ತಾನು ಈ ಮಗುವನ್ನು ಹಾವಿನಿಂದ ಕಾಯುತ್ತಿದ್ದೇನೆಂದು ತಿಳಿದಿದ್ದ ದಿನಗಳಲ್ಲಿ ಈ ಮಗುವೇ ತನ್ನ ನಿದ್ದೆ ಕಾಯುತ್ತಿತ್ತು. ಹೆಮ್ಮೆ, ನಾಚಿಕೆ ಎರಡೂ ಒಟ್ಟಿಗೆ ಬಂದವು.

"ಅದು ಈಗ ಎಲ್ಲುಂಟು?" ಎಂದು ಕೇಳಿದಳು.

"ನನ್ನ ಪೆನ್ಸಿಲ್ ಬಾಕ್ಸಲ್ಲಿ. ಮ್ಯಾಥ್ಸ್ ಎಕ್ಸಾಮಿಗೆ ತಗೊಂಡು ಹೋಗ್ತೇನೆ."

ಲಿಜ್ಜಿಗೆ ನಗು ಬಂತು. ಆದರೆ ಮಗಳು ನಗಲಿಲ್ಲ. ಆಗ ಲಿಜ್ಜಿ ಕೇಳದೆಯೇ ಹೊಸ ನೋಟ್‌ಬುಕ್ ಎಳೆದುಕೊಂಡು ಕೊನೆಯ ಪುಟ ತೆರೆದಳು. ಸೋಮವಾರ ಟ್ಯೂಷನ್ನಿಗೆ ತಡವಾಗಿದ್ದರಿಂದ ಫ್ರೀಜರಿನ ಇಲಿಯನ್ನು ಅರ್ಧ ಗಂಟೆಯ ಬದಲು ಇಪ್ಪತ್ತು ನಿಮಿಷ ಮಾತ್ರ ಬಿಸಿನೀರಿನಲ್ಲಿ ಇಟ್ಟು ಪೆದ್ರುವಿಗೆ ಕೊಟ್ಟದ್ದು ಅಲ್ಲಿತ್ತು. ಅದರ ಕೆಳಗೆ ಸಾವಿನ ಕಾರಣ ಎಂದು ಬರೆದು, ಮುಂದೆ: ನನ್ನ ತಪ್ಪು.

"ಇದು ಡಾಕ್ಟರು ಹೇಳಿದ್ದಾ?"

"ಇಲ್ಲ."

"ಮತ್ತೆ ನಿನಗೆ ಹೇಗೆ ಗೊತ್ತು?"

ಲಿಜ್ಜಿ ಮಗಳ ಪೆನ್ನು ತೆಗೆದುಕೊಂಡು 'ನನ್ನ ತಪ್ಪು' ಎಂಬುದರ ಮೇಲೆ ಒಂದೇ ಗೆರೆ ಎಳೆದಳು, ಅಡಿಯ ಅಕ್ಷರ ಓದಲು ಸಿಗುವಂತೆ. ಪಕ್ಕದಲ್ಲಿ 'ಕಾರಣ ತಿಳಿದಿಲ್ಲ' ಎಂದು ಬರೆದು, ವಾರ್ಡಿನಲ್ಲಿ ಹಾಕುವ ಸಹಿಯನ್ನೇ ಹಾಕಿದಳು.

"ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಬರೀಬಾರದು, ಕ್ಲಾರಿ. ಅದು ನಿನ್ನ ಬಗ್ಗೆ ಆದ್ರೂ ಬರೀಬಾರದು."

ಕ್ಲಾರಿಸ್ಸಾ ಆ ಗೆರೆಯ ಮೇಲೆ ಬೆರಳಿಟ್ಟಳು. ಆಮೇಲೆ ಕೇಳಿದಳು, "ಹೀಗೆ ಬರೆದ ಮೇಲೆ ನೀವು ನರ್ಸ್‌ಗಳು ಎಂತ ಮಾಡ್ತೀರಿ?"

"ಇನ್ನೊಂದು ಬೆಡ್ಡಿಗೆ ಹೋಗ್ತೇವೆ." ಲಿಜ್ಜಿ ನಿಜವನ್ನೂ ಹೇಳಿದಳು. "ಅದಕ್ಕೆ ಮೊದಲು ಬೆಡ್‌ಶೀಟ್ ಇಡುವ ರೂಮಿಗೆ ಹೋಗಿ ಬಾಗಿಲು ಹಾಕಿ ಅಳ್ತೇವೆ."

"ನಮ್ಮಲ್ಲಿ ಆ ರೂಮು ಇಲ್ಲವಲ್ಲ ಮಮ್ಮಿ," ಅಂದಳು ಕ್ಲಾರಿಸ್ಸಾ, ಮತ್ತು ಅಮ್ಮನ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು.

ಕೆಳಗೆ ರೊನಾಲ್ಡ್ ಎರಡು ಸಲ ಹಾರ್ನ್ ಹೊಡೆದ. ಇಬ್ಬರೂ ಇಳಿಯಲಿಲ್ಲ.