ಹಗ್ಗ ಬಿಚ್ಚಿದ ಸೋಮವಾರ

ಸಿರುಗುಪ್ಪದ ಚನ್ನವೀರಮ್ಮನ ಮನೆಯಲ್ಲಿ ದೇವರ ಪೀಠ ಅಲುಗಾಡತೊಡಗಿದ್ದು ನೆಲಕ್ಕೆ ಕಡಪ ಬಂಡೆ ಹಾಸಿದ ವರ್ಷ, ಅಂದರೆ ಎಪ್ಪತ್ತಮೂರರಲ್ಲಿ. ಅದಕ್ಕೆ ಮೊದಲು ಮಣ್ಣಿನ ನೆಲ. ತೇಗದ ಪೀಠದ ನಾಲ್ಕು ಕಾಲೂ ಮೂವತ್ತು ವರ್ಷದಲ್ಲಿ ಆ ಮಣ್ಣಿನೊಳಗೆ ತಮಗೆ ಬೇಕಾದಷ್ಟು ಕುಳಿ ಮಾಡಿಕೊಂಡು ಭದ್ರವಾಗಿ ಕೂತಿದ್ದವು. ಬಂಡೆಯ ಮೇಲೆ ತಂದಿಟ್ಟಾಗ ಗೊತ್ತಾಯಿತು, ಹಿಂದಿನ ಬಲಗಾಲು ಒಂದು ಬೆರಳಷ್ಟು ಗಿಡ್ಡ. ಸೈಕಲ್ ಟ್ಯೂಬಿನ ತುಂಡನ್ನು ಮಡಿಚಿ ಅದರ ಕೆಳಗೆ ತುರುಕಿದರು. ಎರಡು ದಿನ ನಿಲ್ಲುತ್ತಿತ್ತು, ಮೂರನೆಯ ದಿನ ಕಸ ಗುಡಿಸುವಾಗ ಹೊರಗೆ ಬರುತ್ತಿತ್ತು.

ಪೀಠ ಎದೆಮಟ್ಟ ಎತ್ತರ, ಅಗಲ ಕಡಿಮೆ. ಮೇಲಿನ ಹಲಗೆಯಲ್ಲಿ ಐದು ಸೇರು ತೂಕದ ಹಿತ್ತಾಳೆ ವೀರಭದ್ರ, ಎಡಬಲಕ್ಕೆ ಎಣ್ಣೆ ತುಂಬಿದ ದೀಪಗಳು, ಹಿಂದೆ ಕೊಟ್ಟೂರೇಶ್ವರನ ಗಾಜಿನ ಪಟ. ಕೆಳಗೆ, ಹಳೆ ಬಟ್ಟೆ ತುಂಬಿದ ಬುಟ್ಟಿಯಲ್ಲಿ, ಮನೆಯ ಬೂದು ಬೆಕ್ಕು ಮರಿ ಹಾಕಿತ್ತು. ಮೂರು ವರ್ಷದ ಮೊಮ್ಮಗಳು ಪಾರಿಗೆ ಇಡೀ ಮನೆಯಲ್ಲಿ ಬೇಕಾದ ಜಾಗ ಅದೊಂದೇ. ಮರಿ ನೋಡಲು ಅವಳು ಪೀಠದ ಕಾಲು ಹಿಡಿದು ಬಗ್ಗಿದಾಗೆಲ್ಲ ಪಟ ಟಕ್ಕೆಂದು ಗೋಡೆಗೆ ಬಡಿಯುತ್ತಿತ್ತು. ಸಾಲದ್ದಕ್ಕೆ ಇಲಿಗಳ ಕಾಟ. ಎಣ್ಣೆ ಕುಡಿದ ಬತ್ತಿಯ ಆಸೆಗೆ ಅವು ಮೇಲೆ ಹತ್ತುವುದು, ಅವುಗಳ ಹಿಂದೆ ಬೆಕ್ಕು ಹಾರುವುದು.

"ಅತ್ತೀ, ಇದು ಒಂದಿನ ಕೂಸಿನ ಮ್ಯಾಲ ಬೀಳ್ತೈತಿ," ಎಂದಳು ಸೊಸೆ ವಿರೂಪಮ್ಮ. ಕುರುಗೋಡಿನ ಹೆಣ್ಣು, ಮಾತು ಕಡಿಮೆ. ಅಷ್ಟು ಹೇಳಬೇಕಾದರೆ ಎಷ್ಟು ದಿನ ಯೋಚಿಸಿರಬೇಕು ಎಂಬುದು ಚನ್ನವೀರಮ್ಮನಿಗೆ ಗೊತ್ತಿತ್ತು.

ಬಾಗಿಲ ಅಗಳಿ ಕೂಡಿಸಲು ಬಂದಿದ್ದ ಬಡಗಿ ಉಸ್ಮಾನಸಾಬನಿಗೆ ವಿರೂಪಮ್ಮ ಪೀಠ ತೋರಿಸಿದಳು. ಅವನು ಒಂದು ಕೈಯಿಂದ ಮೆಲ್ಲಗೆ ಅಲುಗಿಸಿ ನೋಡಿ, "ಕಾಲಿಗೆ ತುಂಡು ಕೊಟ್ರೂ ಇದು ನಿಲ್ಲಂಗಿಲ್ರಿ, ತಲಿಭಾರ ಐತಿ. ಗ್ವಾಡಿಗೆ ಎರಡು ಕಬ್ಬಿಣದ ಪಟ್ಟಿ ಹೊಡದು ಹಿಡಿಸಿಬಿಟ್ರ ಆನಿ ಬಂದು ನೂಕಿದ್ರೂ ಬೀಳೂದಿಲ್ಲ," ಎಂದ.

ಅದೇ ಹೊತ್ತಿಗೆ ಗವಿಸಿದ್ದಪ್ಪ ಒಳಗೆ ಬಂದ. ಚನ್ನವೀರಮ್ಮನ ಒಬ್ಬನೇ ಮಗ. ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಕುಡಿಯುವವನಲ್ಲ, ಇಸ್ಪೀಟು ಮುಟ್ಟುವವನಲ್ಲ. ಊರಲ್ಲಿ ಅವನನ್ನು ಕಂಡರೆ ಒಳ್ಳೆಯ ಮಾತೇ. ಅವನ ಕೈ ಎದ್ದೇಳುತ್ತಿದ್ದದ್ದು ಮನೆಯೊಳಗೆ ಮಾತ್ರ.

"ಯಾರು ಕೇಳಿದ್ರು ಪಟ್ಟಿ ಹೊಡಿಯಾಕ?"

"ನಾನ ಕೇಳ್ದೆ," ಎಂದಳು ವಿರೂಪಮ್ಮ. "ಕೂಸು..."

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ತುಟಿ ಒಡೆದು ರಕ್ತ ಕುಪ್ಪಸದ ಮೇಲೆ ತೊಟ್ಟಿಕ್ಕಿತು. "ನಮ್ಮಪ್ಪ ಇಟ್ಟ ದೇವರಿಗೆ ಮೊಳಿ ಹೊಡಸ್ತೀಯಾ? ನಿಮ್ಮಪ್ಪನ ಮನಿ ಅಂತ ಮಾಡೀ ಏನು?" ಎಂದು ಕೂಗಿದ.

ಉಸ್ಮಾನಸಾಬ ತಲೆ ತಗ್ಗಿಸಿ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ತುಂಬಿಕೊಂಡ. ಹೊರಡುವಾಗ ಚನ್ನವೀರಮ್ಮನ ಮುಖ ನೋಡಿದ. ಅವಳು ಗೋಡೆ ನೋಡಿದಳು. ಇಂಥ ಏಟನ್ನು ಅವಳೂ ಇಪ್ಪತ್ತಾರು ವರ್ಷ ತಿಂದಿದ್ದಳು. ಗಂಡ ಹಾಲಸಿದ್ದಪ್ಪ ಸತ್ತ ದಿನ ಎಲ್ಲರೆದುರು ಅತ್ತು, ಆಮೇಲೆ ಜೀವಮಾನದಲ್ಲೇ ಮೊದಲ ಸಲ ಕಣ್ಣು ತುಂಬ ನಿದ್ದೆ ಮಾಡಿದ್ದಳು. ಆದರೂ ಮಗನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಸೊಸೆಯ ತುಟಿಗೆ ಅರಿಸಿನ ಹಚ್ಚುತ್ತ, "ಸುಮ್ನಿರವ್ವ, ಅವಗ ಮೂಗಿನ ತುದೀಗೆ ಸಿಟ್ಟು," ಎಂದಳು ಅಷ್ಟೆ.

ಆಮೇಲೆ ಅತ್ತೆ ಸೊಸೆ ಸೇರಿ ಒಂದು ಉಪಾಯ ಹೂಡಿದರು. ಗವಿಸಿದ್ದಪ್ಪ ಗಿರಣಿಗೆ ಹೋದ ಕೂಡಲೇ ಬಾವಿ ಹಗ್ಗದ ತುಂಡೊಂದನ್ನು ಪೀಠದ ಸೊಂಟಕ್ಕೆ ಸುತ್ತಿ ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟುವುದು. ದೀಪ ಕೆಳಗಿಳಿಸಿ ನಾಗೊಂದಿಗೆಯ ಮೇಲೆ ಎತ್ತಿಡುವುದು. ಸಂಜೆ ಐದೂವರೆಗೆ ಗಿರಣಿಯ ಸೈರನ್ ಕೂಗಿದಾಗ ಹಗ್ಗ ಬಿಚ್ಚಿ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟು, ದೀಪಗಳನ್ನು ಮತ್ತೆ ಮೇಲಿಡುವುದು. ಪಾರಿಗೂ ಅದು ರೂಢಿಯಾಗಿ, ಸೈರನ್ ಕೇಳಿದರೆ ಅಜ್ಜಿಗೆ "ಅಬ್ಬೇ, ಹಗ್ಗಾ" ಎಂದು ಕೂಗುವಳು. ಅಪ್ಪನೆದುರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಷ್ಟು ಸಣ್ಣ ಕೂಸಿಗೆ ಅದನ್ನು ಯಾರು ಕಲಿಸಿದರೋ.

ಎಂಟು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಬೆಕ್ಕು ಅದೇ ಬುಟ್ಟಿಯಲ್ಲಿ ಮತ್ತೆ ನಾಲ್ಕು ಮರಿ ಹಾಕಿತ್ತು.

ಶ್ರಾವಣದ ಎರಡನೆಯ ಸೋಮವಾರ ಸೈರನ್ ಕೂಗಿತು. ವಿರೂಪಮ್ಮ ಒಲೆ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಚನ್ನವೀರಮ್ಮ ಹಗ್ಗ ಬಿಚ್ಚಿದಳು. ಹಬ್ಬದ ದಿನವೆಂದು ದೀಪಗಳಿಗೆ ಅಂಚಿನ ತನಕ ಶೇಂಗಾ ಎಣ್ಣೆ ತುಂಬಿ ಹಚ್ಚಿದಳು. ಗವಿಸಿದ್ದಪ್ಪ ಬಂದವನೇ ಪೂಜೆಗೆಂದು ಸ್ನಾನಕ್ಕೆ ಹೋದ. ಪಾರಿ ಹಿತ್ತಲಲ್ಲಿ ಆಡುತ್ತಿದ್ದಾಳೆಂದು ಇಬ್ಬರೂ ತಿಳಿದಿದ್ದರು. ಚನ್ನವೀರಮ್ಮ ಹೂ ತರಲು ಅಂಗಳಕ್ಕೆ ಇಳಿದಳು. ನಾಲ್ಕು ಹೂ ಕಿತ್ತಿರಲಿಲ್ಲ, ಒಳಗೆ ಗಾಜು ಒಡೆದ ಸದ್ದು, ಅದರ ಹಿಂದೆಯೇ ದೊಪ್ಪೆಂದು ಏನೋ ಬಿದ್ದ ಸದ್ದು. ಆಮೇಲೆ ಕೂಸಿನ ಕಿರುಚಾಟ.

ಓಡಿ ಬಂದು ನೋಡಿದರೆ ಪೀಠ ಮಗುಚಿಬಿದ್ದಿತ್ತು. ಇಲಿಯ ಹಿಂದೆ ಬೆಕ್ಕು ಹಾರಿತ್ತೋ, ಬೆಕ್ಕಿನ ಹಿಂದೆ ಕೂಸು ಕಾಲು ಹಿಡಿದು ಜಗ್ಗಿತ್ತೋ, ನೋಡಿದವರಿಲ್ಲ. ವೀರಭದ್ರ ಪಾರಿಯ ಭುಜಕ್ಕೆ ಬಡಿದು ಆಚೆ ಉರುಳಿದ್ದ. ಎಣ್ಣೆ ಅವಳ ಎಡತೋಳಿನ ಮೇಲೆ ಚೆಲ್ಲಿ, ಅಂಗಿಯ ತೋಳು ಉರಿಯುತ್ತಿತ್ತು. ವಿರೂಪಮ್ಮ ಬರಿಗೈಯಲ್ಲೇ ಆ ಬೆಂಕಿಯನ್ನು ಹಿಸುಕಿದಳು. ತೋಳಿನ ಚರ್ಮ ಅಂಗಿಯ ಜೊತೆಗೇ ಸುಲಿದು ಬಂತು.

ಗವಿಸಿದ್ದಪ್ಪ ಒದ್ದೆ ಮೈಯಲ್ಲಿ ಬಂದು ನಿಂತ. ಬಿದ್ದ ದೇವರನ್ನು ನೋಡಿದ, ಕೂಸನ್ನು ನೋಡಿದ. ಅವನ ಮುಖ ಒಂದು ಗಳಿಗೆ ಅಳುವವನ ಹಾಗೆ ಆಯಿತು. ಅವನು ಅತ್ತುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಚನ್ನವೀರಮ್ಮ ಮುಂದೆ ಬಹಳ ಸಲ ಅಂದುಕೊಂಡಳು. ಅವನು ಅಳಲಿಲ್ಲ. ಮೂಲೆಯಲ್ಲಿ ಮರಿಗಳ ಮೇಲೆ ಮೈ ಉಬ್ಬಿಸಿ ನಿಂತ ಬೆಕ್ಕನ್ನು ಹಿಂಗಾಲು ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿದ. ಅದು ಕೂಗಲಿಲ್ಲ. ಸುಣ್ಣದ ಗೋಡೆಯ ಮೇಲೆ ಕೆಂಪು ಕಲೆ ಉಳಿಯಿತು. ಆಮೇಲೆ ಮುರಿದುಬಿದ್ದ ಪೀಠದ ಕಾಲನ್ನು ಕೈಗೆತ್ತಿಕೊಂಡ.

"ಕೂಸಿನ್ನ ನೋಡಾಕ ಬರಂಗಿಲ್ಲ ನಿನಗ? ಒಂದು ಕೂಸಿನ್ನ?"

ಮೊದಲ ಏಟು ವಿರೂಪಮ್ಮನ ಬೆನ್ನಿಗೆ. ಅವಳು ಕೂಸನ್ನು ಹೊಟ್ಟೆಗೆ ಅವುಚಿಕೊಂಡು ಮಗ್ಗುಲಾದಳು. ಎರಡನೆಯದು ತಲೆಗೆ. ಬೈತಲೆಯಿಂದ ರಕ್ತ ಹರಿದು ಕಿವಿ, ಕುತ್ತಿಗೆ ತೋಯಿಸಿತು.

"ಬಿಡಲೇ! ಹಗ್ಗ ಬಿಚ್ಚಿದಾಕಿ ನಾನು!" ಎಂದು ಚನ್ನವೀರಮ್ಮ ಕೂಗಿದಳು. "ನೀ ಬರ್ತಿ ಅಂತ ಹೆದರಿ ಬಿಚ್ಚೀನಿ. ಹೊಡದ್ರ ನನ್ನ ಹೊಡಿ!"

ಯಾವ ಹಗ್ಗ ಎಂದು ಅವನು ಕೇಳಲೂ ಇಲ್ಲ. ಅವ್ವನನ್ನು ಮೊಳಕೈಯಿಂದ ಆಚೆ ನೂಕಿದ. ಅವಳು ಬಿದ್ದಳು, ಬಂಡೆಯ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಜಾರಿ ಮತ್ತೆ ಬಿದ್ದಳು. ಕೈ ಊರಿ ಏಳುವಾಗ ಕೈಗೆ ಹಿತ್ತಾಳೆ ಸಿಕ್ಕಿತು. ಮಗ ಮೂರನೆಯ ಏಟಿಗೆ ಕೈ ಎತ್ತಿದ್ದ. ಚನ್ನವೀರಮ್ಮ ವೀರಭದ್ರನನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಆ ಕೈಯ ಮೇಲೆ ಇಳಿಸಿದಳು. ಹಸಿ ಜಾಲಿ ಮುರಿದಂತೆ ಎಲುಬು ಲಟಕ್ಕೆಂದಿತು. ಅವನು "ಅವ್ವಾ" ಎಂದು ತಿರುಗಿದ. ಅವಳು ಇನ್ನೊಂದು ಸಲ ಹೊಡೆದಳು, ಈ ಸಲ ಭುಜಕ್ಕೆ. ಅವನು ಮಂಡಿಯೂರಿ ಕುಸಿದ. ಅವಳ ಕಣ್ಣಿಗೆ ಅಲ್ಲಿ ಕಂಡದ್ದು ಮಗನೋ ಹಾಲಸಿದ್ದಪ್ಪನೋ, ಅವಳಿಗೇ ತಿಳಿಯಲಿಲ್ಲ. ತಲೆಯ ಮೇಲಕ್ಕೆ ಮೂರನೆಯ ಸಲ ಎತ್ತಿದಳು.

"ಬ್ಯಾಡ ಅತ್ತೀ, ಸಾಯ್ತಾನ," ಎಂದು ಅವಳ ಕಾಲು ಹಿಡಿದದ್ದು ವಿರೂಪಮ್ಮ.

ಕೂಗು ಕೇಳಿ ಪಕ್ಕದ ಓಣಿಯಿಂದ ಮೊದಲು ಓಡಿ ಬಂದವನು ಉಸ್ಮಾನಸಾಬ. ಒಳಗಿನದನ್ನು ಕಂಡವನೇ ಬೀದಿಗೆ ಹೋಗಿ ಬಳ್ಳಾರಿ ಕಡೆಗೆ ಹೊರಟಿದ್ದ ಭತ್ತದ ಲಾರಿ ನಿಲ್ಲಿಸಿದ. ನಾಲ್ವರನ್ನೂ ಅದರಲ್ಲೇ ಹತ್ತಿಸಿದ. ವಿರೂಪಮ್ಮ, ಕೂಸು ಮುಂದೆ ಡ್ರೈವರನ ಪಕ್ಕ. ತಾಯಿ, ಮಗ ಹಿಂದೆ ಭತ್ತದ ಚೀಲದ ಮೇಲೆ, ನಡುವೆ ಉಸ್ಮಾನಸಾಬ. ತೆಕ್ಕಲಕೋಟೆ ದಾಟುವ ತನಕ ರಸ್ತೆಯ ಒಂದೊಂದು ತಗ್ಗಿಗೂ ಗವಿಸಿದ್ದಪ್ಪ ನರಳುತ್ತಿದ್ದ. ಚನ್ನವೀರಮ್ಮ ಅವನ ಕಡೆ ಕೈ ಚಾಚಲಿಲ್ಲ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ನಾಲ್ವರನ್ನೂ ನೋಡಿ ಕನ್ನಡಕ ತೆಗೆದರು. "ಎಲ್ಲಾರಿಗೂ ಒಂದೇ ಸಲ ಏನಾಯ್ತಮ್ಮಾ?"

"ದೇವರ ಪೀಠ ಬಿತ್ರಿ," ಎಂದ ಗವಿಸಿದ್ದಪ್ಪ, ಹಲ್ಲು ಕಚ್ಚಿ.

"ಸುಳ್ಳು," ಎಂದಳು ಚನ್ನವೀರಮ್ಮ. ಐವತ್ತೆಂಟು ವರ್ಷದಲ್ಲಿ ಹೊರಗಿನ ಗಂಡಸರ ಮುಂದೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಪೀಠ ಬಿದ್ದದ್ದು ಕೂಸಿನ ಮ್ಯಾಲ. ಈಕಿನ್ನ ಹೊಡದವ ಇವ. ಇವನ್ನ ಹೊಡದಾಕಿ ನಾನು. ಹಂಗ ಬರಕೊಳ್ರಿ."

ಡಾಕ್ಟರು ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ಕೂಸಿನ ಭುಜದ ಮೇಲಿನ ಕೊರಳೆಲುಬು ಬಿರುಕು ಬಿಟ್ಟಿತ್ತು, ತೋಳು ಮೊಳಕೈ ತನಕ ಸುಟ್ಟಿತ್ತು. ವಿರೂಪಮ್ಮನ ತಲೆಗೆ ಒಂಬತ್ತು ಹೊಲಿಗೆ. ಗವಿಸಿದ್ದಪ್ಪನ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಮೂರು ವಾರದ ಮೇಲೆ ವಿರೂಪಮ್ಮನ ತಾಯಿ ಮೂಕಮ್ಮ ಬಂದು ಮಗಳನ್ನೂ ಮೊಮ್ಮಗಳನ್ನೂ ಆಸ್ಪತ್ರೆಯಿಂದಲೇ ಕುರುಗೋಡಿಗೆ ಕರೆದುಕೊಂಡು ಹೋದಳು. ಚನ್ನವೀರಮ್ಮ ತಡೆಯಲಿಲ್ಲ. ಸಿರುಗುಪ್ಪಕ್ಕೆ ಬಂದು ಬಾಗಿಲು ತೆರೆದಳು. ಬುಟ್ಟಿಯಲ್ಲಿ ಮೂರು ಮರಿ ತಾಯಿಯ ಹಾಲಿಲ್ಲದೆ ಸತ್ತು ಒಣಗಿದ್ದವು. ನಾಲ್ಕನೆಯದು ಕಾಣಲಿಲ್ಲ. ತಾಯಿ ಬೆಕ್ಕಿನ ಜೊತೆ ಅವನ್ನು ಹಿತ್ತಲಲ್ಲಿ ಹೂತು, ಗೋಡೆಯ ಕಲೆ ಕೆರೆದಳು. ಮಗ ಬಂದು ಪಡಸಾಲೆಯಲ್ಲಿ ಕೂತಾಗ ಅವನೆದುರು ಅವನ ಟ್ರಂಕು ತಂದಿಟ್ಟಳು. ಮನೆ ಅವಳ ತವರಿನವರು ಕಟ್ಟಿಸಿಕೊಟ್ಟದ್ದು, ಕಾಗದ ಅವಳ ಹೆಸರಲ್ಲೇ ಇತ್ತು.

"ಗಿರಣಿಯಾಗ ಖೋಲಿ ಐತಲ್ಲ, ಅಲ್ಲಿರು."

"ಅವ್ವಾ, ನಾ ನಿನ್ನ ಮಗ."

"ಹೌದಪ್ಪ. ಅದಕ್ಕ ಇಷ್ಟು ದಿನ ಸುಮ್ಮನಿದ್ದೆ. ನಿಮ್ಮಪ್ಪ ಹೊಡಿಯುವಾಗ ಬಾಗಲ ಸಂದ್ಯಾಗ ನಿಂತು ಅಳತಿದ್ದಿ, ನೆನಪೈತೇನು? ದೊಡ್ಡಾವನಾದ ಮ್ಯಾಲ ಹೊಡಿಯೂದಿಲ್ಲ ಅಂದಕೊಂಡಿದ್ದೆ."

ಅವನು ಎಡಗೈಯಲ್ಲಿ ಟ್ರಂಕು ಎತ್ತಿಕೊಂಡು ಹೋದ.

ಮರುದಿನವೇ ಊರ ಹಿರಿಯ ತಿಪ್ಪೇರುದ್ರಪ್ಪ ಬಂದು ಕಟ್ಟೆಯ ಮೇಲೆ ಕೂತರು. ಮಗನನ್ನು ಹೊರಗೆ ಹಾಕಿದ್ದಕ್ಕಿಂತ ದೊಡ್ಡ ದೂರು ಅವರದು ಬೇರೆ. "ದೇವರ ಮೂರ್ತೀಲೆ ಮನಷ್ಯಾನ್ನ ಹೊಡದೀಯಲ್ಲ ತಾಯೀ. ತಪ್ಪು ಕಾಣಿಕಿ ಇಟ್ಟು ಶುದ್ಧ ಮಾಡಿಸಬೇಕು."

"ಕೈಗೆ ಅದ ಸಿಕ್ತು, ಯಜಮಾನ್ರ. ಒನಕಿ ಸಿಕ್ಕಿದ್ರ ಒನಕೀಲೆ ಹೊಡೀತಿದ್ದೆ. ನನ್ನ ಸೊಸಿ ತಲಿ ಒಡದದ್ದಕ್ಕ ಯಾರು ತಪ್ಪು ಕಾಣಿಕಿ ಇಡ್ತಾರ, ಅದನ್ನ ಮೊದಲು ಹೇಳ್ರಿ. ಅಲ್ಲೀ ತನಕ ಮೂರ್ತಿ ನಾನ ತೊಳಕೊಂತೀನಿ."

ಅವರು ಎದ್ದು ಹೋದರು. ಚನ್ನವೀರಮ್ಮ ಹುಣಸೆಹಣ್ಣು ಹಚ್ಚಿ ವೀರಭದ್ರನನ್ನು ತಿಕ್ಕಿದಳು. ಉಸ್ಮಾನಸಾಬನನ್ನು ಕರೆಸಿದಳು. ಈ ಸಲ ಪೀಠದ ಮಾತೇ ಇಲ್ಲ. ದಪ್ಪ ಗೋಡೆಯನ್ನು ಎದೆಮಟ್ಟಕ್ಕಿಂತ ಮೇಲೆ ಕೊರೆಸಿ, ಗೌಂಡಿಯಿಂದ ಗೂಡು ಮಾಡಿಸಿದಳು. ತಳಕ್ಕೆ ಒಂದೇ ಬಂಡೆ. ಭಾರದ ಮೂರ್ತಿ ಗೂಡಿನ ಹಿಂಬದಿಗೆ, ಅರ್ಧ ಬೆರಳು ತಗ್ಗು ತೋಡಿಸಿ ಅದರೊಳಗೆ. ದೀಪಕ್ಕೆ ಗೋಡೆಯಲ್ಲೇ ಬೇರೆ ಸಣ್ಣ ಗೂಡು, ಅಲ್ಲಿ ಬಟ್ಟೆಯಿಲ್ಲ, ಪಟವಿಲ್ಲ. ಎರಡಕ್ಕೂ ಉಸ್ಮಾನಸಾಬ ತಂತಿಜಾಲರಿಯ ಬಾಗಿಲು ಮಾಡಿ, ಕೂಸಿನ ಕೈಗೆಟುಕದ ಕಡೆ ಚಿಲಕ ಕೂಡಿಸಿದ. ಇಲಿಯೂ ನುಗ್ಗದ ಹಾಗೆ ಜಾಲರಿಯ ಅಂಚಿಗೆ ತಗಡು ಬಡಿದ. "ಅವತ್ತು ನಾನು ಸುಮ್ಮನ ಚೀಲ ಎತಕೊಂಡು ಹೋಗಬಾರದಿತ್ತು, ಯಕ್ಕಾ," ಎಂದ ಕೆಲಸ ಮುಗಿಸಿ.

"ನಾನು ಮನಿಯಾಗ ಇದ್ದಾಕಿ ಸುಮ್ಮನಿದ್ದೆ. ನಿಂದೇನು ಬಿಡಪ್ಪ," ಎಂದಳು.

ಆಮೇಲೆ ಕುರುಗೋಡಿಗೆ ಹೋದಳು. ಮೂಕಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ವಿರೂಪಮ್ಮ ಹೊರಗೆ ಬಂದು, "ಅವರು ಅದಾರೇನು ಮನಿಯಾಗ?" ಎಂದಷ್ಟೇ ಕೇಳಿದಳು.

"ಇಲ್ಲ. ನೀ ಕರಿಯೂ ತನಕ ಬರಂಗಿಲ್ಲ. ನೀ ಕರೀದ ಇದ್ರೂ ನಾ ಕೇಳಂಗಿಲ್ಲ."

ವಿರೂಪಮ್ಮ ತಕ್ಷಣ ಒಪ್ಪಲಿಲ್ಲ. ಇನ್ನೂ ಎರಡು ಸಲ ಹೋಗಬೇಕಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಬಸ್ಸಿಳಿದು ಬಂದಳು. ಕೂಸನ್ನು ಅಂಗಳದಲ್ಲೇ ಬಿಟ್ಟು ಒಬ್ಬಳೇ ಒಳಗೆ ಹೋಗಿ, ದೇವರ ಗೂಡಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ನೆಲ ಬಿಡುವ ತನಕ ಜೋತುಬಿದ್ದು ನೋಡಿದಳು. ಕೈಮುಗಿಯಲಿಲ್ಲ. ಹೊರಗೆ ಬಂದು ಪಾರಿಯನ್ನು ಒಳಗೆ ಕರೆದಳು. ದೀಪ ಹಚ್ಚುವಾಗ ಕೂಸು ಹೆದರಿ ಹಿತ್ತಲಿಗೆ ಓಡಿಹೋಗುತ್ತಿತ್ತು. ಅವಳನ್ನು ಯಾರೂ ಒತ್ತಾಯ ಮಾಡಲಿಲ್ಲ.

ಗವಿಸಿದ್ದಪ್ಪ ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬಂದ. ಕೃಶವಾಗಿದ್ದ. ಹೊಸಿಲ ಹೊರಗೆ ನಿಂತು ಮಗಳಿಗೆಂದು ತಂದ ಬೆಂಡು ಬತ್ತಾಸಿನ ಪೊಟ್ಟಣ ಚಾಚಿದ. ಪಾರಿ ಅವ್ವನ ಸೀರೆಯ ಹಿಂದೆ ಸರಿದಳು. ವಿರೂಪಮ್ಮ ಕೂಸಿನ ಜೊತೆ ಒಳಕೋಣೆಗೆ ಹೋಗಿ ಬಾಗಿಲ ಅಗಳಿ ಹಾಕಿಕೊಂಡಳು.

"ಕೈ ನೆಟ್ಟಗಾತೇನು?" ಎಂದು ಕೇಳಿದಳು ಚನ್ನವೀರಮ್ಮ.

ಅವನು ಬಲಗೈ ಎತ್ತಿ ತೋರಿಸಿದ. ಮುಷ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು, ಪೂರ್ತಿ ಮಡಚುತ್ತಿರಲಿಲ್ಲ. ಅವಳು ಆ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಮಣಿಕಟ್ಟಿನ ಗಂಟನ್ನು ಬೆರಳಿನಿಂದ ನೇವರಿಸಿದಳು. ಕಟ್ಟೆಯ ಮೇಲೆ ಕೂಡಿಸಿ, ನೀರು, ಮಜ್ಜಿಗೆ, ಎರಡು ರೊಟ್ಟಿ ತಂದುಕೊಟ್ಟಳು. ಅವನು ಎಡಗೈಯಿಂದ ಮುರಿದು ತಿಂದ. ಅವಳು ಒಳಗೆ ಕರೆಯಲಿಲ್ಲ, ಅವನೂ ಕೇಳಲಿಲ್ಲ. ಅವನು ಓಣಿಯ ತಿರುವು ದಾಟುವ ತನಕ ನಿಂತಿದ್ದು, ಆಮೇಲೆ ಹಿತ್ತಲಿಗೆ ಹೋಗಿ, ಸೊಸೆಗೆ ಕೇಳಿಸದ ಹಾಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು.