ಮೀಯಿಸುವವಳು

ಮಗಳು ಬಕೆಟ್ಟಿನ ಬಿಸಿನೀರಿಗೆ ಕೈಯದ್ದಿ ನೋಡಿ ಇನ್ನೊಂದು ಚೊಂಬು ತಣ್ಣೀರು ಸುರಿದಳು. ಸತ್ತವರಿಗೆ ನೀರು ಎಷ್ಟು ಬೆಚ್ಚಗಿರಬೇಕು? ಕೇಳಬಹುದಾಗಿದ್ದ ಒಬ್ಬಳೇ ಒಬ್ಬಳು ಒಳಕೋಣೆಯ ಮಂಚದ ಮೇಲೆ ತಾನೇ ಸತ್ತು ಮಲಗಿದ್ದಳು.

“ಶವದ ಗಾಡಿಯವರೇ ಎಲ್ಲ ಮಾಡ್ತಾರಂತೆ ಕಣೇ,” ಅಣ್ಣ ಬಾಗಿಲಿನಿಂದಲೇ ಹೇಳಿದ. “ಕೆಳಗೆ ಬಂದಿದಾರೆ, ಇಬ್ಬರು.”

“ಇಬ್ರೂ ಗಂಡಸರು ತಾನೆ? ಡಾಕ್ಟರ ಮುಂದೇನೇ ಹೊದಿಕೆ ಬಿಗಿ ಹಿಡ್ಕೊಂಡಿದ್ದವಳು ಅಮ್ಮ. ಸ್ವಲ್ಪ ತಡಿ. ಇನ್ನೊಬ್ಬ ಹೆಂಗಸು ಕೈ ಹಾಕಿದ್ರೆ ಸಾಕು.”

ಅವಳು ಹೊರಗೆ ಬಂದು ಕರೆದಳು. ಮೆಟ್ಟಿಲುಗಳ ಮೇಲೆ ಕಟ್ಟಡದ ಹೆಂಗಸರೆಲ್ಲ ನಿಂತಿದ್ದರು. ಅವರ ಮನೆಗಳ ಹೆಣಗಳನ್ನೆಲ್ಲ ಮೀಯಿಸಿ, ತಲೆ ಬಾಚಿ, ಒಗೆದ ಬಟ್ಟೆ ತೊಡಿಸಿ ಕಳಿಸಿದ್ದವಳು ಅಮ್ಮನೇ.

“ನಂಗೆ ಸೊಂಟ ನೋವಮ್ಮ, ಬಗ್ಗೋಕಾಗಲ್ಲ,” ಎಂದಳು ದರ್ಜಿಯ ಹೆಂಡತಿ.

“ನಿನ್ನೆ ನೀರಿನ ಕ್ಯಾನ್ ಹೊತ್ಕೊಂಡು ಹತ್ತಿದ್ರಲ್ಲ ಆಂಟಿ.”

“ಅದಕ್ಕೇ ನೋವು.”

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದರು.

“ಈಗ ಯಾರಮ್ಮ ಇದನ್ನೆಲ್ಲ ಮಾಡ್ತಾರೆ?” ಎದುರು ಮನೆಯ ಟೀಚರ್ ನಿಟ್ಟುಸಿರಿಟ್ಟರು. “ನಿಮ್ಮಮ್ಮನ ಜೊತೆಗೇ ಹೋಯ್ತು. ಪುಣ್ಯಾತ್ಗಿತ್ತಿ.”

*

ಟೀಚರ ಅತ್ತೆ ತೀರಿಕೊಂಡ ದಿನ ಅಮ್ಮ ಒಲೆಯ ಮೇಲಿದ್ದುದನ್ನು ಅರ್ಧಕ್ಕೇ ಇಳಿಸಿ ಓಡಿದ್ದಳು. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ಮುದುಕಿಯ ಬೆನ್ನೆಲ್ಲ ಹುಣ್ಣಾಗಿತ್ತು. ಟೀಚರ್ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಹೋಗಿ ನಿಂತಿದ್ದರು.

“ಸ್ವಲ್ಪ ತೋಳೆತ್ತೋಣ ಅಜ್ಜಿ. ಹಾಂ. ಆಯ್ತು, ಆಯ್ತು, ಇನ್ನೇನು ಮುಗೀತು,” ಎನ್ನುತ್ತಿದ್ದಳು ಅಮ್ಮ, ಅಳುವ ಮಗುವನ್ನು ಸಮಾಧಾನ ಮಾಡುವ ಹಾಗೆ.

ಆಗಿನ್ನೂ ಚಿಕ್ಕವಳಾಗಿದ್ದ ಮಗಳು ಟವೆಲ್ ಹಿಡಿದು ನಿಂತು ಕೇಳಿದ್ದಳು: “ಅವರಿಗೆ ಕೇಳಿಸಲ್ವಲ್ಲಮ್ಮ?”

“ಮಾತಾಡದೆ ಬಟ್ಟೆ ಬಿಚ್ಚಿದ್ರೆ ನಾಚಿಕೆ ಆಗಲ್ವೇನೆ ಅವರಿಗೆ?”

ಮುಂದೆ ಟೀಚರ್ ತಮ್ಮ ಮಗಳ ಮದುವೆಗೆ ಕಟ್ಟಡವನ್ನೆಲ್ಲ ಕರೆಯುತ್ತ ಬಂದವರು ಇವರ ಬಾಗಿಲ ಮುಂದೆ ಮಾತ್ರ ಬಿರುಸಾಗಿ ನಡೆದುಬಿಟ್ಟರು. ಹೆಣ ಮೀಯಿಸಿದ ಕೈ ಮದುವೆ ಮನೆಗೆ ಬೇಡವೆಂದು ಆಮೇಲೆ ಅವರಿವರಿಂದ ತಿಳಿಯಿತು. “ಒಳ್ಳೇದೇ ಆಯ್ತು ಬಿಡು, ಹಾಕ್ಕೊಳ್ಳೋಕೆ ಒಳ್ಳೆ ಬಟ್ಟೆ ಎಲ್ಲಿತ್ತು,” ಎಂದು ಅಮ್ಮ ನಕ್ಕಿದ್ದಳು. ಮರುವರ್ಷ ಟೀಚರ ತಾಯಿ ತೀರಿಕೊಂಡಾಗ ಮತ್ತೆ ಅದೇ ಬಾಗಿಲು ತಟ್ಟಿದರು. ಅಮ್ಮ ಹೋದಳು.

*

ಮಗಳು ಒಬ್ಬಳೇ ಹೊರಳಿಸಲು ನೋಡಿದಳು. ಅಮ್ಮನ ಭುಜ ಅಲ್ಲಾಡಲಿಲ್ಲ. ಕೆಳಗೆ ಗಾಡಿ ಹಾರ್ನ್ ಹೊಡೆಯಿತು.

“ಹಟ ಸಾಕು. ಅವರನ್ನೇ ಕರೀತೀನಿ,” ಎಂದ ಅಣ್ಣ.

“ನೀನೇ ಬಾ.”

“ನಾನಾ? ಅಮ್ಮನ್ನ ನಾನು ಹೇಗೆ...”

“ಕಣ್ಣು ಮುಚ್ಕೊ.”

ಅವನು ಕಣ್ಣು ಮುಚ್ಚಿ ತಡವರಿಸುತ್ತ ಬಂದ. ಅವಳು ಅವನ ಕೈಗಳನ್ನು ಹಿಡಿದು ಅಮ್ಮನ ಭುಜದ ಮೇಲಿಟ್ಟಳು.

“ಯಾವ ಕಡೆಗೆ?”

“ನಿನ್ನ ಕಡೆಗೇ ಎಳ್ಕೊ. ಬೆನ್ನು ತೊಳೀತಿದೀನಮ್ಮ. ಆಯ್ತು, ಇನ್ನೊಂದು ಚೂರು.”

“ನಂಗೆ ಹೇಳ್ತಿದೀಯಾ?”

“ಇಲ್ಲ. ನೀನು ಗಟ್ಟಿಯಾಗಿ ಹಿಡ್ಕೊ.”

ಮುಚ್ಚಿದ ರೆಪ್ಪೆಗಳಿಂದ ಇಳಿದ ನೀರನ್ನು ಒರೆಸಿಕೊಳ್ಳಲು ಅವನಿಗೆ ಕೈ ಖಾಲಿ ಇರಲಿಲ್ಲ.

ಎಲ್ಲ ಮುಗಿಸಿ ಇಬ್ಬರೂ ಹೊರಗೆ ಬಂದಾಗ ಟೀಚರ್ ಎರಡು ಲೋಟ ಚಹಾ ತಂದಿದ್ದರು. ಮಗಳು ಕೈ ಚಾಚಿದಳು. ಟೀಚರ ಕೈ ಅರ್ಧಕ್ಕೆ ಬಂದು, ಆ ಒದ್ದೆ ಬೆರಳುಗಳನ್ನು ಕಂಡು ಹಿಂದೆ ಸರಿಯಿತು. “ಬಿಸಿ ಇದೆಯಮ್ಮ,” ಎನ್ನುತ್ತ ಬಗ್ಗಿ ಎರಡೂ ಲೋಟಗಳನ್ನು ಮೆಟ್ಟಿಲ ಮೇಲಿಟ್ಟರು. ದರ್ಜಿಯ ಹೆಂಡತಿ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

ಗಾಡಿಯವರು ಅಮ್ಮನನ್ನು ಹೊತ್ತು ಇಳಿಯತೊಡಗಿದರು.

“ಲೋಟ, ಲೋಟ. ನೋಡ್ಕೊಂಡು,” ಎಂದರು ಟೀಚರ್.

ಹೊತ್ತವರಿಬ್ಬರೂ ಕಾಲೆತ್ತಿ ಹುಷಾರಾಗಿ ದಾಟಿದರು. ಚಹಾ ಒಂದು ಹನಿಯೂ ತುಳುಕಲಿಲ್ಲ.