ಎಷ್ಟು ಜೋರಾಗಿ ಹೊಡೆದಿದ್ದು

ರೋಹನ್ ಬ್ರಹ್ಮಾವರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ನಾವುಂದದ ಪಂದ್ಯದಲ್ಲಿ ಅವನು ನೇರವಾಗಿ ಬಾರಿಸಿದ ಚರ್ಮದ ಚೆಂಡು ಬೌಲರ್ ರತನ್‌ನ ತಲೆಗೆ ಬಡಿದಿತ್ತು; ಮೂರನೆಯ ದಿನ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ.

ತಿಂಗಳು ಕಳೆದ ಮೇಲೆ ರತನ್‌ನ ತಾಯಿ ಸೀತು ಗಂಗೊಳ್ಳಿಯಲ್ಲಿ ಮೀನು ಮಾರಿ ಮುಗಿಸಿ, ಬಸ್ಸು ಹಿಡಿದು ಕಾಲೇಜಿಗೇ ಬಂದಳು.

"ಮಾಷ್ಟ್ರೇ, ನೀವ್ ಲೆಕ್ಕ ಕಲ್ತವ್ರ್. ಎಷ್ಟ್ ಜೋರ್ ಹೊಡದ್ರಿ, ಹೇಳಿ."

ಏನಾದರೂ ಸುಳ್ಳು ಹೇಳಿ ಕಳಿಸಬಹುದಿತ್ತು. ರೋಹನ್ ಹಾಳೆ ತೆಗೆದುಕೊಂಡ. ಚೆಂಡು ನೂರರವತ್ತು ಗ್ರಾಂ. ಅಂದಾಜಿಗೆ, ಸೆಕೆಂಡಿಗೆ ಮೂವತ್ತು ಮೀಟರ್ ವೇಗದಲ್ಲಿ ಬಂದು ನಲವತ್ತರಲ್ಲಿ ತಿರುಗಿ ಹೋಗಿತ್ತು. ಬ್ಯಾಟಿಗೆ ತಾಗಿದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ವೇಗೋತ್ಕರ್ಷ ಎಪ್ಪತ್ತು ಸಾವಿರ, ಬಲ ಹನ್ನೊಂದು ಸಾವಿರದ ಇನ್ನೂರು ನ್ಯೂಟನ್.

"ಬ್ಯಾಟ್ ಚೆಂಡಿನ್ ಮೇಲೆ ಒಂದ್ ಟನ್ ಭಾರ ಹಾಕ್ದಷ್ಟ್, ಅಮ್ಮಾ."

"ಗೆಲ್ಲುಕೆ ಎಷ್ಟ್ ರನ್ ಬೇಕಿತ್ತ್?"

"ಒಂದೇ."

"ಮೆಲ್ಲ ಹೊಡ್ದಿದ್ರೆ ನನ್ ಮಗ ಬದ್ಕ್ತಿದ್ನಾ?"

ಅದಕ್ಕೆ ಹಾಳೆ ಬೇಕಿರಲಿಲ್ಲ. "ಬದ್ಕ್ತಿದ್ದ" ಎಂದ ರೋಹನ್, ತಲೆ ತಗ್ಗಿಸಿ.

"ಅವ ಚೆಂಡಿಂದ ತಪ್ಪಸ್ಕಂಬ್ಕಿತ್ತ್ ಅಂತ್ ಊರವ್ರೆಲ್ಲ ಹೇಳ್ತ್ರ್. ನಾನೂ ಅವನ್ನೇ ಬೈತಿದ್ದೆ" ಎಂದ ಸೀತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು.

ಅಂದಿನ ಕೊನೆಯ ತರಗತಿಗೆ ರೋಹನ್ ಹೋಗಲಿಲ್ಲ. ಬ್ಯಾಟನ್ನು ಮತ್ತೆ ಹಿಡಿಯಲೂ ಇಲ್ಲ.